ಹುಸಿಹೊಗೆ ಗುಡ್ಡ

ತೆರೆಹಾಳದ ನಮ್ಮ ಗುಡ್ಡಕ್ಕಿಂತ ಎತ್ತರದ್ದು ಹಿಮಾಲಯದಲ್ಲಿ ಒಂದೆರಡು ಇದ್ದರೂ ಇರಬಹುದು. ನಾನಂತೂ ಅಳೆಯಲು ಹೋಗಿಲ್ಲ. ಹವಾಮಾನ ಕೆಟ್ಟಿದೆ, ಕೃಷ್ಣೆ ಇನ್ನು ಹೇಳದೆ ಕೇಳದೆ ಏರುತ್ತಾಳೆ, ದಂಡೆ ಬಿಡಿ ಎಂದು ಸರಕಾರ ಈ ಗುಡ್ಡದ ನೆತ್ತಿಯ ಮೇಲೆ ಸಾಲುಮನೆ ಕಟ್ಟಿಸಿದೆ. ಮನೆಗಳಿಗೆ ಬೀಗ, ಬೀಗದೊಳಗೆ ದನದ ಮೇವು. ಜನರೆಲ್ಲ ಕೆಳಗೆ, ದಂಡೆಯ ಜಾಲಿಗಿಡಗಳ ಮರೆಯಲ್ಲೇ. ಇದೇನೂ ಹೊಸ ಹಟವಲ್ಲ. ಗುಡ್ಡದ ಹೆಸರೇ ಈ ಹಟದಿಂದ ಬಂದದ್ದು, ಅದೂ ನಮ್ಮ ಮನೆತನದ ಪರಾಕ್ರಮದಿಂದ.

ಹಿಂದೆ ಒಮ್ಮೆ, ಆಚೆ ದಂಡೆಯ ಕೋಟೆಯಲ್ಲಿ ದೇಸಾಯರು ಆಳುತ್ತಿದ್ದಾಗ, ವರ್ಷ ಬಿಡದೆ ಮಹಾಪೂರ ಬಂದಿತಂತೆ. ದೇಸಾಯರು ಗುಡ್ಡದ ಮೇಲೆ ಮನೆ ಕಟ್ಟಿಸಿ, ಎಲ್ಲರೂ ಏರಿರಿ ಎಂದರು. ಅಲ್ಲಿ ಬಾವಿಯೇ ಇರಲಿಲ್ಲ. ನಮ್ಮ ಮುತ್ತಜ್ಜ ಚೂನಪ್ಪನ ಹೆಂಡತಿ ತಾಯವ್ವ ಎದುರಿಗೇ ಅಂದಳು: "ಧಣ್ಯಾರ, ಹೊಳಿ ವರ್ಷಕ್ಕೊಮ್ಮಿ ಬರ್ತೈತಿ. ನೀರಡಿಕಿ ದಿನಾ ಬರ್ತೈತ್ರಿ." ದೇಸಾಯರಿಗೆ ಸಿಟ್ಟು ಬಂತು. "ದಿನಾ ಮುಂಜಾನಿ ಗುಡ್ಡದ ಮ್ಯಾಲ ಒಲಿ ಹೊಗಿ ಕಾಣಬೇಕು. ಇಲ್ಲಾಂದ್ರ ಹೊಲಾ ಕಸಗೋತೀನಿ!" ಊರವರು ಉಪಾಯ ಹೂಡಿದರು. ಚೂನಪ್ಪನೊಬ್ಬ ಮೇಲೇರಿ ಹಸಿ ಕುಳ್ಳಿನಿಂದ ಎಲ್ಲ ಒಲೆಗಳಲ್ಲೂ ಹೊಗೆ ಎಬ್ಬಿಸುವುದು, ಉಳಿದವರು ಕೆಳಗೇ ಬಾಳುವುದು. ಅವನ ಹೊಗೆಗೆ ವಿಜಾಪುರದವರು ಕೆಮ್ಮುತ್ತಿದ್ದರು ಎನ್ನುತ್ತಾರೆ. ಎನ್ನುವವನು ನಾನೇ.

ಒಂದು ಶ್ರಾವಣದ ಬೆಳಿಗ್ಗೆ, ಇಲ್ಲಿ ಹನಿ ಮಳೆಯಿಲ್ಲದಾಗಲೇ, ಮೇಲಿನ ಸೀಮೆಯ ಮಳೆಗೆ ಹೊಳೆ ನುಗ್ಗಿ ಊರನ್ನು ಸುತ್ತುವರಿಯಿತು. ತಾಯವ್ವ ಕೂಸನ್ನೆತ್ತಿಕೊಂಡು ಮಾಳಿಗೆ ಹತ್ತಿದಳು. ಆಚೆ ದಂಡೆಯ ಹರಗೋಲುಗಳು ಮಾತ್ರ ನಿಂತೇ ಇದ್ದವು. ಗುಡ್ಡದ ಮೇಲೆ ಹೊಗೆಯಾಡುತ್ತಿತ್ತಲ್ಲ, ಊರೆಲ್ಲ ಕ್ಷೇಮ ಎಂದು ಕೋಟೆಯವರ ಲೆಕ್ಕ! ಚೂನಪ್ಪ ಗಂಟಲು ಹರಿಯುವಂತೆ ಕೂಗಿದ. ಹೊಳೆಯ ಅಬ್ಬರದಲ್ಲಿ ಯಾರಿಗೆ ಕೇಳೀತು? ಕೊನೆಗೆ ತನ್ನ ಹೊಗೆಯೇ ಅವರನ್ನು ತಡೆದಿದೆ ಎಂದು ತಿಳಿದು, ಒಲೆಗಳನ್ನು ಆರಿಸಲು ಓಡಿದ. ತಂಬಿಗೆಯಲ್ಲಿದ್ದ ಕುಡಿಯುವ ನೀರು ಒಂದು ಒಲೆಗೂ ಸಾಲಲಿಲ್ಲ. ಉಳಿದವನ್ನು ಹೇಗೆ ಆರಿಸಿದನೆಂದು ಹೆಣ್ಣುಮಕ್ಕಳ ಮುಂದೆ ಹೇಳುವಂತಿಲ್ಲ, ಮಣ್ಣೆರಚಿದ ಎಂದಿಟ್ಟುಕೊಳ್ಳಿ. ಹೊಗೆ ನಿಂತಿತು. ದೇಸಾಯರು ಕಣ್ಣುಜ್ಜಿ ನೋಡಿ, "ಎಲಾ ಇವರ! ಕೆಳಗ ಅದಾರ್ರೋ, ಹರಗೋಲ ಬಿಡ್ರಿ!" ಎಂದರು. ನೀರು ಮಾಳಿಗೆ ಮುಟ್ಟುವಾಗ ತಾಯವ್ವ ಕೂಸನ್ನು ಅಂಬಿಗನ ಕೈಗೆ ಕೊಡುತ್ತಿದ್ದಳು. ಅಂದಿನಿಂದ ಇದು ಹುಸಿಹೊಗೆ ಗುಡ್ಡ. ದೇಸಾಯರು ಬೈಯುತ್ತಲೇ ಬಾವಿ ತೋಡಿಸಿದರು. ಕಲ್ಲು ಸಿಕ್ಕಿತು, ನೀರು ಸಿಗಲಿಲ್ಲ. ಜನ ಮತ್ತೆ ಇಳಿದರು.

ಈಗ ಅಲ್ಲಿ ನಳಗಳಿವೆ, ತಿರುವಿದರೆ ಗಾಳಿ ಬರುತ್ತದೆ. ಸಾಹೇಬರು ತಪಾಸಣೆಗೆ ಬರುವ ದಿನ ಒಲೆಗಳು ಹೊಗೆಯಾಡುತ್ತವೆ. ಶ್ರಾವಣದಲ್ಲಿ ಅಂಥ ದಿನ ಬಂದರೆ ನೀವೇ ನೋಡಬಹುದು: ನಮ್ಮ ಮನೆತನದವನೊಬ್ಬ ಒಲೆಗೆ ಬೆನ್ನುಹಾಕಿ, ಹೊಳೆಯ ಮೇಲಿಂದ ಕಣ್ಣು ಕೀಳದೆ ಕೂತಿರುತ್ತಾನೆ. ಮೊಬೈಲ್ ಇದೆಯಲ್ಲ ಎನ್ನಬೇಡಿ. ಪೂರ ಬಂದಾಗ ಮೊದಲು ಸಾಯುವುದು ಟವರು. ಅವನ ಪಕ್ಕದಲ್ಲಿ ಒಲೆಗೆಂದೇ ಕೆಳಗಿನಿಂದ ಹೊತ್ತು ತಂದ ತುಂಬಿದ ಕೊಡವಿರುತ್ತದೆ. ಎಷ್ಟೇ ನೀರಡಿಸಿದರೂ ಅದನ್ನು ಯಾರೂ ಮುಟ್ಟುವುದಿಲ್ಲ.