ಬಾಣಂತಿಯ ಗುಳಿಗೆ

ಗುರಸಿದ್ದವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಹೆಂಗಸು. ಒಬ್ಬಳೇ ಮಗಳು ನೀಲವ್ವ. ಅವಳು ಬಸುರಿಯಾಗಿ ತವರಿಗೆ ಬಂದಾಗ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಎಚ್‌ಐವಿ ಇದೆ ಅಂದರು. ಗುರಸಿದ್ದವ್ವನಿಗೆ ನಿಂತ ನೆಲವೇ ಕುಸಿದಂತಾಯಿತು.

ನರ್ಸಮ್ಮ ಕೈ ಹಿಡಿದು ಸಮಾಧಾನ ಮಾಡಿದಳು. "ಅಂಜಬ್ಯಾಡವ್ವ. ಈ ಗುಳಿಗಿ ದಿನಾ ನುಂಗಿದ್ರ ಹುಟ್ಟೋ ಕೂಸಿಗೆ ಬ್ಯಾನಿ ಹತ್ತೂದಿಲ್ಲ."

ಮುಂದೆ ಇನ್ನೂ ಏನೇನೋ ಹೇಳಿದಳು, ಪಾಪ. ಆದರೆ ಗಾಬರಿಯಾದ ಜೀವದ ಕಿವಿಗೆ ಬಿದ್ದದ್ದು ಅಷ್ಟೇ. ಕೂಸಿಗೆ ಹತ್ತೂದಿಲ್ಲ!

ಗುಳಿಗೆ ನುಂಗಿದರೆ ನೀಲವ್ವನಿಗೆ ಹೊಟ್ಟೆ ತೊಳಸುತ್ತಿತ್ತು. "ನುಂಗ ನನ್ನವ್ವ, ಕೂಸಿನ ಸಲುವಾಗಿ" ಎಂದು ತಾಯಿ ಬೆನ್ನು ಸವರುತ್ತಿದ್ದಳು. ಮಗಳು ಕಣ್ಣು ಮುಚ್ಚಿ ನುಂಗುತ್ತಿದ್ದಳು. ಹೆಣ್ಣು ಕೂಸು ಹುಟ್ಟಿತು. ಮೊದಲ ಪರೀಕ್ಷೆಯಲ್ಲಿ ಅದಕ್ಕೆ ರೋಗವಿಲ್ಲ ಎಂದಾಯಿತು. ಗುರಸಿದ್ದವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಆಮೇಲೆ ಅವಳೊಂದು ಲೆಕ್ಕ ಹಾಕಿದಳು. ಬಾಣಂತಿಯದು ಹಸಿ ಮೈ. ಉಷ್ಣದ ಗುಳಿಗೆ ಹಾಲಿನಲ್ಲಿ ಸೇರಿ ಕೂಸಿನ ಹೊಟ್ಟೆಗೆ ಹೋದರೆ?

"ಯವ್ವಾ, ಗುಳಿಗಿ?" ಎಂದು ನೀಲವ್ವ ಕೇಳಿದಳು.

"ಇನ್ನ್ಯಾಕ ಹುಚ್ಚಿ? ಕೂಸು ಪಾರಾತಲ್ಲ!"

ನೀಲವ್ವನಿಗೂ ಹೌದೆನಿಸಿತು. ವಾಂತಿ ತಪ್ಪಿತಲ್ಲ ಎಂದು ನಕ್ಕಳು.

ಬಾಣಂತಿಗೆ ಗಾಳಿ ತಾಗಬಾರದೆಂದು ಲಸಿಕೆಗೆ ಅಜ್ಜಿಯೇ ಕೂಸನ್ನು ಎತ್ತಿಕೊಂಡು ಹೋಗುತ್ತಿದ್ದಳು. "ಕೂಸು ಹೆಂಗೈತಿ?" ಎಂದು ನರ್ಸಮ್ಮ ಕೇಳುವಳು. "ಗುಂಡಕಲ್ಲಿನಂಗೈತ್ರಿ!" ಎಂದು ಇವಳು ಹೇಳುವಳು. ಇಬ್ಬರೂ ನಗುವರು. ತಾಯಿಯ ಮಾತು ಇವಳೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಕೂಸು ದುಂಡಗಾಯಿತು. ನೀಲವ್ವ ಮಾತ್ರ ಸೊರಗುತ್ತ ಹೋದಳು. ಜ್ವರ ಬಂತು, ಕೆಮ್ಮು ಬಂತು. ಗುರಸಿದ್ದವ್ವ ಅಂಟಿನುಂಡೆ ತಿನ್ನಿಸಿದಳು, ಮೆಣಸಿನ ಕಷಾಯ ಕುಡಿಸಿದಳು, ದೃಷ್ಟಿ ತೆಗೆದಳು. ಅವಳಿಗೆ ತಲೆಬುಡವೇ ತಿಳಿಯದು. ಗುಳಿಗೆ ಕೊಟ್ಟದ್ದು ರೋಗ ಹತ್ತಬಾರದೆಂದು. ಹತ್ತಲಿಲ್ಲ. ಗೆದ್ದ ಮೇಲೂ ಇದೇನು ಸೋಲು? ಕೂಸು ನಗುವಾಗ ನಗಬೇಕೋ, ಮಗಳು ಕೆಮ್ಮುವಾಗ ಅಳಬೇಕೋ ಗೊತ್ತಾಗದೆ ಒಲೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು.

ಉಸಿರಾಡುವುದೇ ಕಷ್ಟವಾದಾಗ ಮಗಳನ್ನು ಆಸ್ಪತ್ರೆಗೆ ಒಯ್ದಳು.

"ಗುಳಿಗಿ ಯಾವಾಗ ಬಿಟ್ರಿ?" ಎಂದು ಡಾಕ್ಟರು ಕೇಳಿದರು.

"ಕೂಸು ಪಾಸಾತಲ್ರೀ ಸಾಹೇಬ್ರ. ಆಮ್ಯಾಲ ಯಾಕ?"

ಡಾಕ್ಟರು ಹಣೆ ಒತ್ತಿಕೊಂಡರು. "ಯವ್ವಾ, ಆ ಗುಳಿಗಿ ಕೂಸಿನ ಸಲುವಾಗಿ ಅಷ್ಟ ಅಲ್ಲ. ನಿಮ್ಮ ಮಗಳ ಜೀವಾನೂ ಅದರಾಗ ಇತ್ತು. ಅದನ್ನ ಜೀವ ಇರೂತನಕ ತಗೋಬೇಕು. ಹಾಲು ಕುಡಿಸೂವಾಗ ಬಿಟ್ರಂತೂ ಕೂಸಿಗೂ ಅಪಾಯ."

"ಮತ್ತ ಈಗ ಕೊಡ್ರಿ! ಬಿಟ್ಟಿದ್ದೆಲ್ಲಾ ಒಮ್ಮೆಲೇ ಕೊಡ್ರಿ!" ಎಂದು ಗುರಸಿದ್ದವ್ವ ಅವರ ಕಾಲಿಗೆ ಬಿದ್ದಳು.

ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಆದರೆ ರೋಗ ಶ್ವಾಸಕೋಶಕ್ಕೆ ಇಳಿದುಬಿಟ್ಟಿತ್ತು. ನೀಲವ್ವ ಮನೆಗೆ ಬರಲಿಲ್ಲ.

ಕೂಸು ನಡೆಯಲು ಕಲಿತ ಮೇಲೆ ಕೊನೆಯ ಪರೀಕ್ಷೆ ಆಯಿತು. ನರ್ಸಮ್ಮ ಓಡಿ ಬಂದು ಹೇಳಿದಳು, "ನಿನ್ನ ಮೊಮ್ಮಗಳಿಗೆ ಬ್ಯಾನಿ ಇಲ್ಲವ್ವ! ಇನ್ನ ಚಿಂತಿ ಬಿಡು!" ಗುರಸಿದ್ದವ್ವ ಸೆರಗನ್ನು ಬಾಯಿಗಿಟ್ಟು ಅತ್ತಳು.

"ಯಾಕವ್ವಾ, ಖುಷಿ ಸುದ್ದಿ ಅಲ್ಲೇನು?"

"ಖುಷೀನ ನನ್ನವ್ವ. ಆದರ ಯಾರ ಮುಂದ ಹೇಳ್ಲಿ? ಈ ಮಾತು ಕೇಳಬೇಕಂತನ ಅಕಿ ವಾಂತಿ ತಡಕೊಂಡು ನುಂಗಿದ್ಲು."



ನೀತಿ: ತೊಟ್ಟಿಲು ತೂಗುವ ಸಂಭ್ರಮದಲ್ಲಿ ಬಾಣಂತಿಯನ್ನು ಮರೆಯಬಾರದು. ಕೂಸು ಹೇಗಿದೆ ಎಂದು ಕೇಳುವವರು ತಾಯಿ ಹೇಗಿದ್ದಾಳೆ ಎಂದೂ ಕೇಳಬೇಕು. ಎಚ್‌ಐವಿ ಇರುವ ತಾಯಿ ಹೆರಿಗೆಯಾದ ಮೇಲೂ ಗುಳಿಗೆ ಬಿಡಬಾರದು. ತಿಳಿಯದಿದ್ದರೆ ಮನಸ್ಸಿನಲ್ಲೇ ಲೆಕ್ಕ ಹಾಕಬೇಡಿ, ನಾಚದೆ ಇನ್ನೊಮ್ಮೆ ಕೇಳಿ.