ಕೂತವಳ ಗುಡ್ಡ

ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಬೇಕಾದರೂ ಹೇಳಿಯೇನು, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಡೇಬೆಟ್ಟಿನ ಇಗರ್ಜಿಯ ಹಿಂದಿರುವುದು ಕೂತವಳ ಗುಡ್ಡ. ಗುಡ್ಡವೆಂದರೆ ಹಿಮಾಲಯವಲ್ಲ, ಕೆಳಗೆ ಹಚ್ಚಿದ ಬೀಡಿ ಆರುವುದರೊಳಗೆ ತುದಿ ಮುಟ್ಟಬಹುದು. ಅಲ್ಲೊಂದು ಮುರಕಲ್ಲಿನ ಬಂಡೆ, ಬಂಡೆಯ ನಡುವೆ ಯಾರೋ ಬಹಳ ಹೊತ್ತು ಕೂತೆದ್ದಂಥ ತಗ್ಗು. ಆ ತಗ್ಗಿನ ಕಥೆಯನ್ನು ಸರಿಯಾಗಿ ಬಲ್ಲವನು ಇಡೀ ಸೀಮೆಗೆ ಒಬ್ಬನೇ. ಹೆಸರು ಹೇಳಿಕೊಳ್ಳಲು ನನಗೆ ಸಂಕೋಚ.

ಹಿಂದೆ ಒಮ್ಮೆ ಗುಡ್ಡದ ಬುಡದ ದೊಡ್ಡ ಮನೆಯಲ್ಲಿ ಸೆರ್ಪಿನ್ ಎಂಬ ಗೃಹಿಣಿ ಇದ್ದಳು ಎನ್ನುತ್ತಾರೆ. ಬೂದಿ ಬುಧವಾರದಿಂದ ಈಸ್ಟರಿನ ತನಕ ಊರಿಗೆ ಊರೇ ಮಾಂಸ ಬಿಡುತ್ತಿತ್ತು; ಅದಕ್ಕೆ ಮುಂಚಿನ ಮೂರು ದಿನ ಇಂತ್ರುಜ್ ಹಬ್ಬ. ಗೋಣಿತಾಟಿನ ಮುಖವಾಡ ತೊಟ್ಟವರು ಮನೆಮನೆಗೆ ಬಂದು ಸಾಲಾಗಿ ಕೂರುವರು. ಬಂದವರು ಬಾಯಿ ಬಿಡಬಾರದು, ಮನೆಯವರು ಅವರು ಯಾರೆಂದು ಹೇಳಬೇಕು, ಹೇಳುವ ತನಕ ಬಡಿಸುತ್ತಲೇ ಇರಬೇಕು. ಸೆರ್ಪಿನಳ ಹಂದಿಸಾರು ಎಷ್ಟು ರುಚಿಯೆಂದರೆ, ಬಂದವರ ಜೊತೆ ಕೂತು ಉಣ್ಣುವ ಅವಳ ಗಂಡ ಬಸ್ತ್ಯಾಂವನಿಗೆ ಸ್ವಂತ ತಮ್ಮನ ಗುರುತು ಹಿಡಿಯಲೂ ಸಂಜೆಯಾಗುತ್ತಿತ್ತು. ಮಂಗಳವಾರ ಸಂಜೆ ಇಗರ್ಜಿಯ ಗಂಟೆ ಬಡಿದರೆ ಮಾಂಸ ಮುಗಿಯಿತು. ಮದುವೆಯಾಗಿ ಬಂದಂದಿನಿಂದ ಆ ಗಂಟೆ ಬಡಿದದ್ದು ಅವಳ ಕೈಯಲ್ಲಿ ಸೌಟಿರುವಾಗಲೇ. ಕೂತು ಒಂದು ತುತ್ತು ತಿಂದದ್ದಿಲ್ಲ.

ಆ ವರ್ಷ ಮಂಗಳವಾರ ಅವಳ ಕಾಲು ಮಾತು ಕೇಳಲಿಲ್ಲ. ಸೌಟು ಕೆಳಗಿಟ್ಟಳು. ಗಂಡನ ಹಳೇ ಕೋಟು ಹಾಕಿ, ಗೋಣಿಯಿಂದ ಮುಖ ಮುಚ್ಚಿ, ಹಿಂಬಾಗಿಲಿನಿಂದ ಹೊರಟು ಮುಂಬಾಗಿಲಿನಿಂದ ಬಂದು ಸಾಲಿನ ತುದಿಯಲ್ಲಿ ಕೂತಳು. ಬೆನ್ನಿಗೆ ಗೋಡೆ ಸಿಕ್ಕಿತು. ಗಂಟೆಗೆ ಮೊದಲು ಒಂದು ಊಟ, ಅಷ್ಟೇ ಅವಳಿಗೆ ಬೇಕಿದ್ದದ್ದು.

"ಇವ ಕೆಳಗಿನಮನೆಯ ಸಾಲ್ದುವೇ," ಎಂದ ಮನೆಯವರಲ್ಲೊಬ್ಬ.

"ಸಾಲ್ದು ಇಷ್ಟು ಹೊತ್ತು ಸುಮ್ಮನೆ ಕೂತದ್ದುಂಟಾ ಮಾರಾಯ?" ಎಂದ ಬಸ್ತ್ಯಾಂವ್. ಎಷ್ಟು ನೋಡಿದರೂ ಅವನಿಗೆ ಗುರುತು ಹತ್ತಲಿಲ್ಲ. ಹೆಂಡತಿ ಕೂತದ್ದನ್ನು ಅವನು ನೋಡಿದ್ದರೆ ತಾನೇ. ಒಳಗೆ ತಿರುಗಿ ಕೂಗಿದ, "ಸೆರ್ಪಿನ್, ಹೊಸಬ ಬಂದಿದ್ದಾನೆ, ಬಡಿಸು ಮಾರಾಯ್ತಿ."

ಒಳಗಿನಿಂದ ಯಾರು ಬರಬೇಕು? ಅವಳ ಮುಂದಿನ ಎಲೆ ಹಾಗೇ ಒಣಗಿತು. ಅವನು ಮತ್ತೊಮ್ಮೆ ಕೂಗಿದಾಗ ಅಭ್ಯಾಸಬಲದಿಂದ ಅವಳು ಎದ್ದೇಬಿಟ್ಟಳು. ಆದರೆ ಅಡುಗೆಮನೆಗೆ ಹೋಗಲಿಲ್ಲ; ಗುಡ್ಡ ಹತ್ತಿ, ಬಂಡೆಯ ಮೇಲೆ ಕೂತು, ಗೋಣಿ ತೆಗೆದಿಟ್ಟಳು.

ತಣ್ಣಗಾದ ಒಲೆ ಕಂಡ ಮೇಲೆ, ಎದ್ದು ಗುಡ್ಡದ ಕಡೆ ಹೋದ ಹೊಸಬ ಯಾರೆಂದು ಬಸ್ತ್ಯಾಂವನಿಗೆ ತಿಳಿಯಿತು. ಅವನು ತಟ್ಟೆ ಹಿಡಿದು ಏದುತ್ತಾ ಗುಡ್ಡ ಹತ್ತುವಾಗಲೇ ಗಂಟೆ ಬಡಿಯಿತು.

"ಗಂಟೆ ಆಯಿತಲ್ಲ," ಎಂದಳು ಅವಳು.

"ನನಗೆ ಕೇಳಲಿಲ್ಲ. ನೀನು ತಿನ್ನು."

ಈಗಲೂ ಇಂತ್ರುಜಿನ ಮಂಗಳವಾರ ಹೋದರೆ ನೋಡಬಹುದು, ಊರ ಹೆಂಗಸರು ಒಬ್ಬೊಬ್ಬರಾಗಿ ಆ ತಗ್ಗಿನಲ್ಲಿ ಕೂತೇಳುತ್ತಾರೆ. ಕೂತವಳನ್ನು ಯಾರೂ ಕರೆಯುವಂತಿಲ್ಲ. ಕಲ್ಲು ಸವೆದದ್ದು ಹಾಗೆಯೇ ಎನ್ನುತ್ತಾರೆ.

ಎಲ್ಲವೂ ನಿಜ. ತಟ್ಟೆಯೊಂದು ಮಾತ್ರ ನಾನು ಸೇರಿಸಿದ್ದು. ಬಸ್ತ್ಯಾಂವ್ ಬರಿಗೈಯಲ್ಲಿ ಹತ್ತಿ ಬಂದು, "ಸೌಟು ಎಲ್ಲಿಟ್ಟಿದ್ದೀ?" ಎಂದು ಕೇಳಿದ.