ಗಜನಿ ಗದ್ದೆಯ ಉಪ್ಪು

“ಗುರುಗಳೇ, ಮೈಯಿಂದ ಎಂದೂ ಹೋಗದ ರೋಗವನ್ನು ಮತ್ತೆ ಮತ್ತೆ ಅಳೆಸಿಕೊಳ್ಳುವುದೇಕೆ?” ಎಂದು ಕರಿಬಸಯ್ಯ ಕೇಳಿದ.

ಅವನ ರಕ್ತದಲ್ಲಿ ಎಚ್‌ಐವಿ ಇರುವುದು ಮಠದಲ್ಲಿ ಗುರುಗಳೊಬ್ಬರಿಗೇ ಗೊತ್ತು. ಮಾತ್ರೆ ನುಂಗಿದರೆ ವೈರಾಣು ತಗ್ಗಿರುತ್ತದೆ, ಬಿಟ್ಟು ಹೋಗುವುದಿಲ್ಲ. ರಕ್ತದಲ್ಲಿ ಅದು ಎಷ್ಟಿದೆ ಎಂದು ಆಗಾಗ ನೋಡಬೇಕು, ಏರಿದರೆ ಒಂದೊಂದೇ ಕಾಯಿಲೆ ಒಳಗೆ ಬರುತ್ತದೆ ಎಂದು ವೈದ್ಯರು ಹೇಳಿದ್ದರು. ಅವನಿಗೆ ಹಸಿವಿತ್ತು, ನಿದ್ದೆಯಿತ್ತು, ಕೊಡ ಹೊರುವ ಶಕ್ತಿಯಿತ್ತು. ಮಾತ್ರೆ ಕೆಲವು ಸಲ ತಪ್ಪಿದ್ದೂ ಉಂಟು, ಏನೂ ಆಗಿರಲಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ಗುರುತಿನವರು ಯಾರಾದರೂ ಕಂಡಾರು ಎಂಬ ಹೆದರಿಕೆ ಬೇರೆ. ಅಂದು ಬೆಳಿಗ್ಗೆ ಪರೀಕ್ಷೆಗೆ ಹೋಗಬೇಕಿದ್ದವನು ಬೇಕೆಂದೇ ಬಸ್ಸು ತಪ್ಪಿಸಿಕೊಂಡು ಗುರುಗಳ ಮುಂದೆ ಬಂದು ಕೂತಿದ್ದ.

ಗದರುತ್ತಾರೆ ಎಂದು ಕಾದಿದ್ದವನಿಗೆ ಗುರುಗಳು ಕತೆ ಹೇಳಿದರು.

ಹೊಳೆ ಸಮುದ್ರ ಸೇರುವ ಕಡೆ ಒಬ್ಬ ರೈತನಿದ್ದ. ಅವನದು ಗಜನಿ ಗದ್ದೆ. ಸಮುದ್ರ ಉಬ್ಬುವ ಭರತದ ಹೊತ್ತಿಗೆ ಉಪ್ಪುನೀರು ನುಗ್ಗದಂತೆ ಸುತ್ತ ಮಣ್ಣಿನ ಒಡ್ಡು. ಇಳಿತದ ಹೊತ್ತಿಗೆ ಒಳಗಿನ ನೀರು ಹೊರಬಿಡಲು ಒಡ್ಡಿಗೊಂದು ಬಾಗಿಲು. ಆ ಮಣ್ಣಿನಲ್ಲಿ ಉಪ್ಪು ಇದ್ದೇ ಇರುತ್ತದೆ. ಮಳೆಯ ಸಿಹಿನೀರು ನಿಲ್ಲಿಸಿ ಅದನ್ನು ತಗ್ಗಿಸಿ, ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪು ತಗ್ಗಿದ್ದರೆ ತೆನೆ, ಏರಿದರೆ ಬರಿ ಹುಲ್ಲು.

ಅಲ್ಲಿ ಒಂದು ಪದ್ಧತಿಯಿತ್ತು. ಗದ್ದೆಯ ನೀರಿನ ರುಚಿಯನ್ನು ಅದರ ಒಡೆಯ ನೋಡುವಂತಿಲ್ಲ. ಗುಡ್ಡದ ಮೇಲೆ ಸಿಹಿನೀರ ಬಾವಿಯ ನೀರು ಕುಡಿಯುವವರನ್ನು ಕರೆಸಿ ಕೇಳಬೇಕು. ಈ ರೈತನಿಗೆ ಅದು ಅವಮಾನವೆನಿಸಿತು. ನನ್ನ ಗದ್ದೆ ನನಗೆ ಗೊತ್ತಿಲ್ಲವೇ ಎಂದು ದಿನಾ ಬೆಳಿಗ್ಗೆ ತಾನೇ ನೀರನ್ನು ನಾಲಿಗೆಗೆ ಹಚ್ಚಿ ನೋಡಿದ. ನಿನ್ನೆಯಂತೆಯೇ ಇದೆ ಎಂದು ನೆಮ್ಮದಿಯಿಂದ ಮನೆಗೆ ಬಂದ.

ಅವನು ಸುಳ್ಳು ಹೇಳಲಿಲ್ಲ. ಒಡ್ಡಿನಲ್ಲಿ ಏಡಿಗಳು ಬಿಲ ಕೊರೆದಿದ್ದವು. ಉಪ್ಪುನೀರು ದಿನಕ್ಕಿಷ್ಟು ಒಸರಿತು, ಅವನ ನಾಲಿಗೆಯೂ ದಿನಕ್ಕಿಷ್ಟು ಒಗ್ಗಿಕೊಂಡಿತು. ಯಾವ ದಿನವೂ ಹಿಂದಿನ ದಿನಕ್ಕಿಂತ ಬೇರೆ ಎನಿಸಲಿಲ್ಲ. ಪೈರು ಹಸಿರಾಗಿಯೇ ಇತ್ತು. ಕಡೆಕಡೆಗೆ ಗಂಜಿಗೆ ಉಪ್ಪು ಸಾಲದು ಎಂದು ಮಹಾರಾಯ ಹೆಂಡತಿಯ ಮೇಲೆ ರೇಗತೊಡಗಿದ.

ಎಂದಿನಷ್ಟೇ ಉಪ್ಪು ಹಾಕುತ್ತಿದ್ದ ಹೆಂಡತಿಗೆ ಅನುಮಾನ ಬಂತು. ಗಂಡನನ್ನು ಕೇಳದೆ ಗುಡ್ಡದ ಮನೆಯ ಮುದುಕಿಯನ್ನು ಗದ್ದೆಗೆ ಕರೆತಂದಳು. ಮುದುಕಿ ನೀರು ಬಾಯಿಗಿಟ್ಟವಳೇ ಉಗಿದು, ಒಡ್ಡಿನ ಮೇಲಿದ್ದ ರೈತನ ಕಡೆ ತಿರುಗಿದಳು.

“ತಮಾ, ಇದು ಗದ್ದೆ ನೀರಲ್ಲ, ಸಮುದ್ರದ್ದೇ ನೀರು,” ಎಂದಳು.

ರೈತನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯವಾಯಿತು. ವರ್ಷದ ಅನ್ನ ಆ ನೀರಿನಲ್ಲಿ ನಿಂತಿತ್ತು. ಗಂಡ ಹೆಂಡತಿ ಒಡ್ಡಿನ ಉದ್ದಕ್ಕೂ ಮೊಣಕಾಲೂರಿ ಬಿಲ ಹುಡುಕಿದರು, ಸಿಕ್ಕ ಬಿಲಕ್ಕೆಲ್ಲ ಜೇಡಿಮಣ್ಣು ತುರುಕಿದರು. ಇಳಿತಕ್ಕೆ ಕಾದು ಬಾಗಿಲು ತೆಗೆದು ನೀರು ಹೊರಬಿಟ್ಟರು. ಮಳೆ ಬಂದಾಗ ಅದರ ನೀರು ಕಟ್ಟಿ ನಿಲ್ಲಿಸಿದರು. ಏಡಿಗಳು ಮತ್ತೆ ಕೊರೆದವು, ಇವರು ಮತ್ತೆ ಮುಚ್ಚಿದರು. ಕೆಳಗಿನ ಮೂಲೆಯ ಪೈರು ಉಪ್ಪಿಗೆ ಸುಟ್ಟೇಹೋಯಿತು. ಉಳಿದದ್ದು ತೆನೆ ಬಿಟ್ಟಿತು. ಅಂದಿನಿಂದ ಆ ರೈತ ತಂಬಿಗೆಯಲ್ಲಿ ಗದ್ದೆಯ ನೀರು ಹಿಡಿದು, ಊರೆಲ್ಲ ನೋಡುತ್ತಿದ್ದರೂ, ತಾನೇ ಗುಡ್ಡ ಹತ್ತಿ ಹೋಗಿ ಕೇಳಿಕೊಂಡು ಬರುತ್ತಿದ್ದ.

ಕರಿಬಸಯ್ಯನಿಗೆ ಇನ್ನೂ ಒಂದು ಆಸೆ ಉಳಿದಿತ್ತು. “ಅಷ್ಟೆಲ್ಲ ಮಾಡಿದ ಮೇಲಾದರೂ ಆ ಮಣ್ಣಿನಿಂದ ಉಪ್ಪು ಹೋಯಿತೇ, ಗುರುಗಳೇ?” ಎಂದು ಕೇಳಿದ.

“ಉಪ್ಪು ಹೋಗಲಿಲ್ಲ, ಕರಿಬಸಯ್ಯ, ಅವನು ಅದೇ ಗದ್ದೆಯ ಅನ್ನವನ್ನು ಮೊಮ್ಮಕ್ಕಳಿಗೆ ಉಣಿಸಿ, ಮುದುಕನಾಗಿ ಸತ್ತ.”